ಆರು ಹಳೇ ಕಲ್ಲಿಗೆ ಹೊಂದುವ ಏಳನೆಯದು

ಚಿಕ್ಕಮಗಳೂರಿನಲ್ಲಿ ಒಡವೆ ಕೆಲಸ ಮಾಡುವ ನನಗೆ ಏಳುಕಲ್ಲಿನ ಓಲೆಯ ರಿಪೇರಿ ಬರುತ್ತಲೇ ಇರುತ್ತದೆ. ಜಾಸ್ತಿ ತೋಟದ ಮನೆಗಳವು. ಮೂಡಿಗೆರೆ ಕಡೆಯ ಅಮ್ಮ ಒಬ್ಬರು ತಂದ ಓಲೆಯಲ್ಲಿ ಒಂದು ಕಲ್ಲು ಉದುರಿ, ಆ ಜಾಗಕ್ಕೆ ಬೇರೆ ಕಡೆ ಹೊಸ ವಜ್ರ ಕೂರಿಸಿದ್ದರು. ಬಣ್ಣ ಬಿಳುಪು, ಒಳಗೆ ಕಲೆ ಇಲ್ಲ. ಆದರೂ ಅವರಿಗೆ ಸಮಾಧಾನವಿಲ್ಲ. "ಇದೊಂದು ಸೇರ್ತಾನೇ ಇಲ್ಲ ಕಣಪ್ಪ. ಆರು ಒಂಥರಾ, ಇದೇ ಒಂಥರಾ."

ಅಂಗಡಿಯ ಸ್ಪಾಟ್‌ಲೈಟ್ ಆರಿಸಿ ಓಲೆಯನ್ನು ಕಿಟಕಿ ಹತ್ತಿರ ಹಿಡಿದೆ. ಸ್ಪಾಟ್‌ಲೈಟ್ ಕೆಳಗೆ ಎಂಥಾ ಕಲ್ಲೂ ಮಿಂಚುತ್ತದೆ, ಅದನ್ನು ನಾನು ನಂಬುವುದಿಲ್ಲ. ನಮ್ಮ ಮಳೆಗಾಲದ ಮೋಡದ ಬೆಳಕೇ ಸರಿ. ಹೊಸ ಕಲ್ಲು ಚಿಕ್ಕ ಚಿಕ್ಕ ಬಿಳಿ ಮಿಂಚು ಚೆಲ್ಲುತ್ತಿತ್ತು. ಹಳೆಯವುಗಳ ಹೊಳಪು ಅಗಲ, ನಿಧಾನ. ದೀಪದ ಎದುರು ತಿರುಗಿಸಿದರೆ ಕೆಂಪು, ನೀಲಿ. ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಿಡಿದಾಗ ಗೊತ್ತಾಯಿತು: ಹಳೆಯವುಗಳಲ್ಲಿ ಮೇಲಿನ ಚಪ್ಪಟೆ ಮುಖ ಚಿಕ್ಕದು, ಸುತ್ತಲಿನ ಓರೆ ಎತ್ತರ, ನಡುವೆ ಒಂದು ಚುಕ್ಕೆ. ಚುಕ್ಕೆ ದೋಷವಲ್ಲ. ತಳದ ತುದಿಯನ್ನು ಹಿಂದಿನವರು ಸ್ವಲ್ಪ ಚಪ್ಪಟೆ ಉಜ್ಜುತ್ತಿದ್ದರು, ಅದೇ ಮೇಲಿಂದ ಹಾಗೆ ಕಾಣುತ್ತದೆ. ಬಣ್ಣ ಬರುವುದು ಆ ಎತ್ತರದ ಓರೆಯಿಂದ. ಅಲ್ಲಿಂದ ಹೊರಡುವಾಗ ಬೆಳಕು ಒಡೆಯುತ್ತದೆ.

ಕಲ್ಲಿನೊಳಗೆ ಹೋದ ಬೆಳಕು ತಳಕ್ಕೆ ಬಡಿದು ಮೇಲಕ್ಕೇ ಬರಬೇಕು. ತಳದ ಮುಖಕ್ಕೆ ನೆಟ್ಟಗೆ ಬಡಿದರೆ ಕೆಳಗೆ ಸೋರಿಹೋಗುತ್ತದೆ. ಆ ನೆಟ್ಟಗೆಯಿಂದ ಸುಮಾರು 24.4 ಡಿಗ್ರಿಗಿಂತ ಜಾಸ್ತಿ ವಾಲಿ ಬಡಿದರೆ ಪೂರ್ತಿ ತಿರುಗುತ್ತದೆ. ದುಂಡು ವಜ್ರಕ್ಕೆ 1919ರಲ್ಲಿ ವಜ್ರ ಕಟಿಂಗ್ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ ಹಾಕಿಕೊಟ್ಟ ಲೆಕ್ಕ: ತಳದ ಇಳಿಜಾರು 40.75 ಡಿಗ್ರಿ, ಮೇಲಿನ ಓರೆ 34.5. ತಳದ ಇಳಿಜಾರು ತೀರಾ ಕಮ್ಮಿಯಾದರೆ ಒಳಗೆ ಬಿಳಿ ಉಂಗುರ ಕಾಣುತ್ತದೆ. ತೀರಾ ಜಾಸ್ತಿಯಾದರೆ ನಡು ಕಪ್ಪಾಗುತ್ತದೆ. ಗೊತ್ತಿದ್ದೂ ಆಳ ಬಿಡುವವರಿದ್ದಾರೆ. ದುಡ್ಡು ತೂಕಕ್ಕೆ ಅಲ್ವಾ!

ಬದಲಿ ಕಲ್ಲನ್ನು ನಾನು ಸೆಂಟ್ (ತೂಕ, ಕ್ಯಾರೆಟ್‌ನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಕೇಳಲಿಲ್ಲ, ಮಿಲಿಮೀಟರ್‌ನಲ್ಲಿ ಕೇಳಿದೆ. ಹೊಸ ಕಟಿಂಗ್‌ನ 3 ಮಿ.ಮೀ. ಕಲ್ಲು ಹೆಚ್ಚುಕಮ್ಮಿ 10 ಸೆಂಟ್ ಬರುತ್ತದೆ. ಹಳೇ ಕಟಿಂಗ್ ಎತ್ತರ ಇರುವುದರಿಂದ ಅದೇ ಅಗಲಕ್ಕೆ ಜಾಸ್ತಿ ತೂಗುತ್ತದೆ. ತೂಕ ಸರಿಮಾಡಲು ಹೋದರೆ ಅಗಲ ಕೈಕೊಡುತ್ತದೆ. ಹಳೇ ಒಡವೆಯಿಂದ ಬಿಚ್ಚಿದ ಕಲ್ಲುಗಳ ಪೊಟ್ಟಣ ತರಿಸಿ, ಗೇಜಿನಲ್ಲಿ ಅಳೆದು, ಅಗಲ ಕೂಡಿದವನ್ನು ಒಂದೊಂದಾಗಿ ಮೇಣದ ಕಡ್ಡಿಗೆ ಅಂಟಿಸಿ ಓಲೆಯ ಪಕ್ಕ ಹಿಡಿದೆ. ಸುಮ್ನೆ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಓಲೆ ಕಿವಿಯಲ್ಲಿ ಅಲ್ಲಾಡುವ ಹಾಗೆ ಎರಡನ್ನೂ ಒಟ್ಟಿಗೆ ವಾಲಿಸಬೇಕು. ಕೊನೆಗೆ ಆರಿಸಿದ್ದು ಸ್ವಲ್ಪ ಹಳದಿ ಛಾಯೆಯ ಕಲ್ಲು. ಕಾಗದದ ಮೇಲಿನ ಗ್ರೇಡ್ ನೋಡಿದರೆ ಹೊಸ ಕಲ್ಲೇ ಮೇಲು. ಆದರೆ ಉಳಿದ ಆರೂ ಇದೇ ಛಾಯೆಯವು, ಹೊಳಪೂ ಕೂಡಿ ಬಂತು.

ಕೂರಿಸುವ ಮೊದಲು ಹಳೇ ಕಲ್ಲುಗಳ ಹಿಂದಿನ ಜಿಡ್ಡನ್ನು ಸೋಪಿನ ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಶ್ ಹಿಡಿದು ತೆಗೆದೆ. ವಜ್ರಕ್ಕೆ ಎಣ್ಣೆ ಬೇಗ ಅಂಟುತ್ತದೆ, ತಳದಲ್ಲಿ ಅಂಟಿದರೆ ಎಂಥಾ ಕಟಿಂಗ್ ಆದರೂ ಮಂಕು. ಈ ಓಲೆಯ ಹಿಂಭಾಗ ತೆರೆದಿತ್ತು, ಹಾಗಾಗಿ ಸುಲಭವಾಯಿತು. ಹಿಂದೆ ಮುಚ್ಚಿದ ಓಲೆಯಾದರೆ ನೀರು ತಾಗಿಸುವುದೇ ಇಲ್ಲ.

ಬಿಚ್ಚಿದ ಹೊಸ ಕಲ್ಲಿಗೆ ಅಮ್ಮ ಮೊಮ್ಮಗಳಿಗೊಂದು ಮೂಗುಬೊಟ್ಟು ಮಾಡಿಸಿದರು. ಒಂಟಿಯಾಗಿ ಕೂತರೆ ಅದಕ್ಕೇನೂ ಕೊರತೆ ಇಲ್ಲ.