ಬ್ಯಾಸಿಗಿ ಬಿಸಿಲಿನಲ್ಲಿ ಕಲಬುರಗಿ ಸೀಮೆಯ ವಿಚಿತ್ರ ತಾಣಗಳ ಸುತ್ತಾಟ

ಏಪ್ರಿಲ್-ಮೇದಾಗ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಹಾಗಾಗಿ ತಾಣಗಳ ಸರದಿಯನ್ನು ನಾನು ದೂರ ನೋಡಿ ಹಾಕುವುದಿಲ್ಲ: ಬಯಲಿನವು ಮುಂಜಾನೆ, ನೆರಳು-ನೀರಿನವು ಮಧ್ಯಾಹ್ನ.

ಟೈರಿನ ಗಾಳಿ ಅಳೆಯುವುದು ಗಾಡಿ ತಣ್ಣಗಿದ್ದಾಗ, ಮನೆಯ ಮುಂದೆಯೇ. ಉಷ್ಣಾಂಶ 5-6 ಡಿಗ್ರಿ ಏರಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಬಂಕಿನಲ್ಲಿ ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಮಡಚಿ ಮಡಚಿ ಕಾಯ್ದು, ಸಿಡಿಯುವುದು ಅದೇ. ತಲೆಗೆ 5 ಲೀಟರ್ ನೀರು, ರೇಡಿಯೇಟರಿಗೆ ಬೇರೆ ಕ್ಯಾನು. ಎಂಜಿನ್ ಕಾದಾಗ ಮುಚ್ಚಳ ಮುಟ್ಟಬೇಡಿ.

ಜೇವರ್ಗಿ ದಾರಿ ಹಿಡಿದು, ಕಟ್ಟಿಸಂಗಾವಿಯಲ್ಲಿ ಭೀಮಾ ದಾಟಿ, ಬಿಸಿಲೇರುವ ಮೊದಲೇ ಶಹಾಪುರ ಮುಟ್ಟಬೇಕು. ಬುದ್ಧ ಮಲಗಿದ ಬೆಟ್ಟ ದೂರದಿಂದ ಮಾತ್ರ ಬುದ್ಧ. ಹಣೆ, ಮೂಗು, ಎದೆ ಬೇರೆಬೇರೆ ಗುಡ್ಡಗಳಾದ್ದರಿಂದ ಹತ್ತಿರ ಹೋದಷ್ಟೂ ಆಕಾರ ಒಡೆಯುತ್ತದೆ. ಹತ್ತಿ ನೋಡುವ ಆಸೆ ಬಿಡಿ. ಅಲ್ಲೇ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಬಂಡೆಗಳನ್ನು ಚೌಕಳಿ ಸಾಲಿನಲ್ಲಿಟ್ಟ ಬಯಲಿದೆ. 19ನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದನ್ನು ದಾಖಲಿಸಿದ್ದ. ನಡುವೆ ನಿಂತರೆ ಬರೀ ಕಲ್ಲು. ಒಂದು ತುದಿಗೆ ಹೋಗಿ ಸಾಲಿನುದ್ದಕ್ಕೆ ಕಣ್ಣು ಹಾಯಿಸಿದರೆ ಲೆಕ್ಕ ತಿಳಿಯುತ್ತದೆ.

ನೆರಳೆಂದು ಜಾಲಿ ಗಿಡದ ಕೆಳಗೆ ಗಾಡಿ ನಿಲ್ಲಿಸಿದರೆ ಪಂಕ್ಚರ್ ಖಾತ್ರಿ. ಬೇವೋ ಹುಣಸೆಯೋ ಹುಡುಕಿ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಚುಚ್ಚಿದ್ದು ಕಂಡರೆ ತಕ್ಷಣ ಕೀಳಬೇಡಿ, ಗಾಳಿ ಜೋರಾಗಿ ಹೋಗುತ್ತದೆ. ಪ್ಲಗ್ ಕಿಟ್ ಕೈಯಲ್ಲಿ ಹಿಡಿದ ಮೇಲೆ ಕೀಳಿ.

ಭೀಮಾ ದಂಡೆಯ ಸನ್ನತಿಯದು ಇನ್ನೂ ವಿಚಿತ್ರ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವೇ ಅಶೋಕನ ಶಾಸನವೆಂದು ಗೊತ್ತಾಯಿತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರು. ಪಕ್ಕದ ಕನಗನಹಳ್ಳಿಯ ಶಿಲ್ಪದ ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೊ’ ಎಂದೇ ಇದೆ.

ಬೀದರ್ ಕಡೆಗೆ ಬೇರೆ ದಿನ ಇಡಿ. ಹಾದಿಯಲ್ಲಿ ಕಮಲಾಪುರದ ಕೆಂಪು ಬಾಳೆ ಬುತ್ತಿಗೆ ಸೇರಲಿ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿಯ ಗುಮ್ಮಟ ಸಿಡಿಲಿಗೆ ಸೀಳಿದ್ದರಿಂದ, ಒಳಗಿನ ಕಟ್ಟೋಣ ಕತ್ತರಿಸಿಟ್ಟಂತೆ ಕಾಣುತ್ತದೆ. ಬೀದರಿನ ಗುಹಾ ದೇವಾಲಯ ಝರಣಿ ನರಸಿಂಹನಿಗೆ ಮಧ್ಯಾಹ್ನ: ಎದೆಮಟ್ಟದ ನೀರಿನ ಸುರಂಗ, ಮೇಲೆ ಬಾವಲಿ. ರಿಮೋಟ್ ಕೀಲಿ ನೀರು ಕುಡಿದರೆ ಗಾಡಿ ತೆರೆಯಲಿಕ್ಕಿಲ್ಲ, ದಡದಲ್ಲಿ ಒಬ್ಬರ ಕೈಗೆ ಕೊಟ್ಟು ಇಳಿಯಿರಿ. ಉಬ್ಬಸವಿದ್ದವರು ಇಳಿಯಬಾರದು. ನೀರು ಕಡಿಮೆಯಾದಾಗ ಪ್ರವೇಶ ನಿಲ್ಲಿಸುವುದೂ ಉಂಟು, ಮೊದಲೇ ವಿಚಾರಿಸಿಕೊಳ್ಳಿ.

ಮುಂಗಾರಿನ ಮೊದಲ ಮಳೆ ಬಿದ್ದರೆ ಎರಿ (ಕಪ್ಪು ಮಣ್ಣಿನ) ಹೊಲದ ದಾರಿ ಮುಗಿಯಿತು. ಮಣ್ಣು ಬೈಕಿನ ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕೋಲಿನಿಂದ ಕೆರೆದರೂ ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ. ಡಾಂಬರು ಬಿಡಬೇಡಿ.