ಅಮೂರ್ತ ಚಿತ್ರಪ್ರದರ್ಶನ: ನೋಡುವುದು ಹೇಗೆ?

ಬಣ್ಣ ಬಣ್ಣದ ಅಮೂರ್ತ ಚಿತ್ರಗಳ, ಅಂದರೆ ಇಂಥದ್ದೇ ಎಂದು ಗುರುತಿಸುವ ವಸ್ತುವಿಲ್ಲದ ಚಿತ್ರಗಳ ಮುಂದೆ ನಿಂತಾಗ ‘ಇದೇನಿದು?’ ಎಂಬ ಪ್ರಶ್ನೆ ಏಳುವುದು ಸಹಜ. ಮರವೋ, ಮುಖವೋ, ಮೋಡವೋ ಎಂದು ಹುಡುಕುತ್ತೇವೆ. ಸಿಗದಿದ್ದರೆ ‘ನಮಗಿದೆಲ್ಲ ತಿಳಿಯಲ್ಲ’ ಎಂದು ಹೊರಟುಬಿಡುತ್ತೇವೆ. ಆ ಹುಡುಕಾಟ ಬಿಟ್ಟು, ಬಣ್ಣ ನಮ್ಮ ಕಣ್ಣಿಗೆ ಏನು ಮಾಡುತ್ತಿದೆ ಎಂದು ಗಮನಿಸಿದರೆ ದಾರಿ ತೆರೆಯುತ್ತದೆ. ಇದಕ್ಕೆ ಕಲಾಶಾಲೆಯ ಓದು ಬೇಕಿಲ್ಲ.

ಮೊದಲು ಎಲ್ಲಿಯೂ ನಿಲ್ಲದೆ ಗ್ಯಾಲರಿಯನ್ನು ಒಂದು ಸುತ್ತು ಹಾಕಿ. ಗೋಡೆಯ ಚೀಟಿಗಳನ್ನು ಈಗಲೇ ಓದಬೇಡಿ. ಎರಡೋ ಮೂರೋ ಚಿತ್ರಗಳು ತಾವಾಗಿಯೇ ನಿಮ್ಮನ್ನು ಎಳೆಯುತ್ತವೆ. ಅಷ್ಟೇ ಸಾಕು. ಎಲ್ಲವನ್ನೂ ಸಮವಾಗಿ ನೋಡಲು ಹೋದರೆ ಕಣ್ಣು ಬೇಗ ದಣಿಯುತ್ತದೆ.

ಆರಿಸಿಕೊಂಡ ಚಿತ್ರವನ್ನು ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊ ತಮ್ಮ ದೊಡ್ಡ ಕ್ಯಾನ್ವಾಸ್‌ಗಳನ್ನು ಜನ ಹತ್ತಿರದಿಂದಲೇ ನೋಡಬೇಕೆಂದು ಬಯಸಿದ್ದರು. ಹತ್ತಿರದಲ್ಲಿ ಕೆಲಸದ ಗುರುತುಗಳು ಕಾಣುತ್ತವೆ: ಬ್ರಷ್ ಓಡಿದ ದಿಕ್ಕು, ಬಣ್ಣ ಹಚ್ಚುವ ನೈಫ್‌ನಿಂದ ಕೆರೆದ ಜಾಗ, ಅಡಿಯಿಂದ ಇಣುಕುವ ಹಳೆಯ ಪದರ. ಅಮೆರಿಕದವರೇ ಆದ ಚಿತ್ರಕಲಾವಿದೆ ಹೆಲನ್ ಫ್ರಾಂಕೆಂಥಾಲರ್ 1952ರಲ್ಲಿ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ತೆಳುವಾದ ಬಣ್ಣ ಸುರಿದು, ಅದು ಬಟ್ಟೆಯೊಳಗೇ ಇಂಗುವಂತೆ ಮಾಡಿದರು. ಅಂಥ ಚಿತ್ರಕ್ಕೂ ಗಟ್ಟಿ ಬಣ್ಣ ಮೆತ್ತಿದ ಚಿತ್ರಕ್ಕೂ ಇರುವ ವ್ಯತ್ಯಾಸ ಪಕ್ಕದಿಂದ ಓರೆಯಾಗಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಮುಟ್ಟುವುದು ಮಾತ್ರ ಬೇಡ. ಬೆರಳಿನ ಜಿಡ್ಡು ಬಣ್ಣದ ಮೇಲೆ ಉಳಿದುಬಿಡುತ್ತದೆ.

ಈಗ ಒಂದು ಬಣ್ಣವನ್ನು ಹಿಡಿದು, ಅದರ ನೆರೆಯಲ್ಲಿ ಯಾವುದಿದೆ ನೋಡಿ. ನನ್ನ ಪ್ರಕಾರ ಇಡೀ ನೋಟದ ಜೀವಾಳ ಇದೇ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆ ಎಂಬ ದೂರು ಬಂದಿತ್ತು. ಅಲ್ಲಿನ ರಸಾಯನ ವಿಜ್ಞಾನಿ ಶೆವ್ರಲ್ ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ! ಪಕ್ಕದ ನೀಲಿ, ನೇರಳೆ ಎಳೆಗಳಿಂದ ಕಪ್ಪು ಹಾಗೆ ಕಾಣುತ್ತಿತ್ತು. ಇದನ್ನು ಅವರು 1839ರಲ್ಲಿ ವಿವರವಾಗಿ ಪ್ರಕಟಿಸಿದರು. ಚಿತ್ರಕಾರ ಜೋಸೆಫ್ ಆಲ್ಬರ್ಸ್ 1950ರಿಂದ ತಾವು ತೀರಿಕೊಂಡ 1976ರವರೆಗೂ ಚೌಕದೊಳಗೆ ಚೌಕ ಬರೆಯುತ್ತ ಇದೇ ಆಟವನ್ನು ಪರೀಕ್ಷಿಸಿದರು. ನೀವೂ ಮಾಡಬಹುದು. ಕಾಗದವನ್ನು ಕೊಳವೆಯಂತೆ ಸುತ್ತಿ, ದೂರದಿಂದಲೇ ಅದರೊಳಗಿಂದ ಒಂದೇ ಬಣ್ಣವನ್ನು ನೋಡಿ. ಕೊಳವೆ ತೆಗೆದ ಕೂಡಲೇ ಅದೇ ಬಣ್ಣ ಬೇರೆಯಾಗಿ ಕಾಣಬಹುದು.

ಚೀಟಿ ಓದುವ ಹೊತ್ತು ಈಗ. ‘ಶೀರ್ಷಿಕೆ ಇಲ್ಲ’ ಎಂದಿದ್ದರೆ ಬೇಸರ ಬೇಡ, ಮಾಧ್ಯಮ (ಯಾವ ಬಗೆಯ ಬಣ್ಣ ಬಳಸಿದ್ದಾರೆ ಎಂಬುದು) ಮತ್ತು ವರ್ಷ ನೋಡಿ. ತೈಲವರ್ಣ ನಿಧಾನ ಒಣಗುವುದರಿಂದ ಬಣ್ಣಗಳನ್ನು ಒಂದರೊಳಗೊಂದು ಬೆರೆಸಲು ಸಮಯ ಸಿಗುತ್ತದೆ. ಆಕ್ರಿಲಿಕ್ ಬೇಗ ಒಣಗುತ್ತದೆ, ಪದರದ ಮೇಲೆ ಪದರ ಹಾಕುವುದು ಸುಲಭ. ವರ್ಷವೂ ಬಹಳ ಹೇಳುತ್ತದೆ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಅಮೂರ್ತ ಚಿತ್ರ ಬರೆಯತೊಡಗಿದ್ದರು, ಆದರೆ ತಾವು ಸತ್ತು 20 ವರ್ಷ ಅವನ್ನು ತೋರಿಸಬಾರದೆಂದು ಬಯಸಿದ್ದರು. ಅವು ಬೆಳಕಿಗೆ ಬಂದ ಮೇಲೆ, ಅಮೂರ್ತ ಕಲೆಯ ಕಥೆಯನ್ನು ಅವರ ನಂತರ ಅಂಥ ಚಿತ್ರ ಬರೆದ ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿಯಿಂದ ಶುರು ಮಾಡುತ್ತಿದ್ದವರು ಮತ್ತೆ ಯೋಚಿಸಬೇಕಾಯಿತು.

ಕಲಾವಿದರು ಅಲ್ಲೇ ಇದ್ದರೆ ಸಂಕೋಚ ಬಿಟ್ಟು ಮಾತಾಡಿಸಿ. ‘ಮೊದಲು ಹಾಕಿದ ಬಣ್ಣ ಯಾವುದು?’, ‘ಚಿತ್ರ ಮುಗಿಯಿತು ಎಂದು ಹೇಗೆ ಗೊತ್ತಾಯಿತು?’ ಎಂದು ಕೇಳಿ ನೋಡಿ. ಹೀಗೆ ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಫೋಟೊ ತೆಗೆಯುವುದನ್ನು ಕೊನೆಗಿಟ್ಟುಕೊಳ್ಳಿ, ಅದೂ ಅನುಮತಿ ಕೇಳಿ, ಫ್ಲ್ಯಾಷ್ ಇಲ್ಲದೆ.