ಲೋಡರ್ ಬ್ರಾಕೆಟ್ ಬೋಲ್ಟ್ ಸಡಿಲವಾಗುವುದು ನಿಂತಿದ್ದು ಹೀಗೆ

ಟ್ರ್ಯಾಕ್ಟರಿನ ಎಡಬದಿಯ ಲೋಡರ್ ಬ್ರಾಕೆಟ್ (ಮುಂದಿನ ಬಕೆಟ್ ಎತ್ತುವ ಲೋಡರನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ಚೌಕಟ್ಟು) ಎಷ್ಟು ಬಿಗಿ ಮಾಡಿದರೂ ಮತ್ತೆ ಅಲುಗುತ್ತಿತ್ತು. ಬಿಚ್ಚಿದಾಗ ಕಾರಣ ಸಿಕ್ಕಿತು: ಬ್ರಾಕೆಟ್ಟಿಗೂ ಚಾಸಿಗೂ ನಡುವೆ ದಪ್ಪ ಪೇಂಟ್. ಭಾರಕ್ಕೆ ಅದು ಪುಡಿಯಾದಂತೆಲ್ಲ ಬೋಲ್ಟಿನ ಬಿಗಿ ಇಳಿಯುತ್ತದೆ.

ಸಮತಟ್ಟು ಜಾಗದಲ್ಲಿ ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲಿವರನ್ನು ನಾಲ್ಕೂ ಕಡೆ ಆಡಿಸಿ ಎಣ್ಣೆಯ ಒತ್ತಡ ತೆಗೆದು, ಲೋಡರನ್ನು ಅದರ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಳಚಿದೆ. ಪೇಂಟ್ ಕೆರೆದು ಹೊಳೆಯುವ ಕಬ್ಬಿಣ ಕಾಣಿಸಿದೆ. ಕೈಪಿಡಿಯಲ್ಲಿದ್ದಂತೆ ಹೊಸ ಎಂ16 (16 ಮಿ.ಮೀ. ದಪ್ಪದ) ಬೋಲ್ಟು, ತಲೆಯ ಮೇಲೆ ಗಟ್ಟಿತನ ತೋರಿಸುವ 8.8 ಗುರುತಿನವು. ಎಲ್ಲವನ್ನೂ ಮೊದಲು ಕೈಯಲ್ಲೇ ತಿರುವಿ, ಲೋಡರನ್ನು ಮತ್ತೆ ಕೂರಿಸಿ, ಅದನ್ನು ಬ್ರಾಕೆಟ್ಟಿಗೆ ಸೇರಿಸುವ ಎರಡೂ ಬದಿಯ ಪಿನ್ ಸಲೀಸಾಗಿ ಕೂತ ಮೇಲಷ್ಟೇ ಟಾರ್ಕ್ ವ್ರೆಂಚಿನಲ್ಲಿ (ಬಿಗಿಯನ್ನು ಅಳೆದು ತಿರುಗಿಸುವ ಸ್ಪ್ಯಾನರ್) 200 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಪಿನ್ನಿಗೆ ಸುತ್ತಿಗೆ ಬೇಕಾದರೆ ಬ್ರಾಕೆಟ್ ಓರೆಯಾಗಿದೆ ಎಂದೇ ಅರ್ಥ. ತೂತು ಸೇರಿದೆಯಾ ಎಂದು ಬೆರಳು ತೂರಿಸಿ ನೋಡಬೇಡಿ, ಕತ್ತರಿಸಿಹೋಗುತ್ತದೆ.

10 ಗಂಟೆ ಕೆಲಸದ ನಂತರ ಮತ್ತೆ ವ್ರೆಂಚ್ ಹಾಕಿದಾಗ ಒಂದೂ ತಿರುಗಲಿಲ್ಲ.